ಕೂಸಿನ ಮನೆಯ ಕೂಲಿ ಯಾರ ಲೆಕ್ಕಕ್ಕೆ?

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ತೆಗೆದು ಹೊಸ ಉದ್ಯೋಗ ಖಾತ್ರಿ ಕಾಯ್ದೆ ತಂದಿತು. ಅದರ ಪೂರ್ತಿ ಹೆಸರು ಉಸಿರು ಹಿಡಿದು ಓದಬೇಕು, ಜನ ಸುಮ್ನೆ ವಿಬಿ-ಜಿ ರಾಮ್ ಜಿ ಅಂತಿದ್ದಾರೆ. ಅವತ್ತಿಂದ ನಡೆದ ಜಗಳದಲ್ಲಿ ಜಾಸ್ತಿ ಕೇಳಿಬಂದದ್ದು ಎರಡು ವಿಷಯ. ಗಾಂಧಿ ಹೆಸರು ಯಾಕೆ ತೆಗೆದಿರಿ ಅನ್ನೋದು ಒಂದು. 100 ದಿನ 125 ದಿನ ಆಯ್ತಲ್ಲ, ಮತ್ತೇನು ತಕರಾರು ಅನ್ನೋದು ಇನ್ನೊಂದು.

ಈ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಮೂಲೆಗೆ ಬಿದ್ದಿದೆ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಕೂಸಿನ ಮನೆ ಅಂತ ಇವೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆ ಕೂಲಿ ಬರುತ್ತಿದ್ದದ್ದು ನರೇಗಾದಿಂದ. ನರೇಗಾನೇ ಇಲ್ಲ ಅಂದ ಮೇಲೆ ಆ ಕೂಲಿ ಎಲ್ಲಿಂದ ಬರಬೇಕು? ಕೂಸಿನ ಮನೆ ಮುಚ್ಚುತ್ತಾ? ಪಂಚಾಯಿತಿ ಕಡೆ ಕೇಳಿದರೆ ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಹಾಗೇನಿಲ್ಲ ಅಂತಾರೆ. ಗೊಂದಲ ಯಾಕೆ ಅಂತ ಬಿಡಿಸಿ ನೋಡೋಣ. ಬಿಡಿಸುತ್ತಾ ಹೋದರೆ ಇದು ಬರೀ ಮಕ್ಕಳ ಕೇಂದ್ರದ ಪ್ರಶ್ನೆ ಅಲ್ಲ, ಮಗು ಇಟ್ಟುಕೊಂಡು ಮನೆಯಲ್ಲಿ ಒಬ್ಬಂಟಿಯಾಗಿರುವ ತಾಯಿಯ ಪ್ರಶ್ನೆ ಅಂತ ಗೊತ್ತಾಗುತ್ತದೆ.

ಮೊದಲು, ಕೂಸಿನ ಮನೆ ಹುಟ್ಟಿದ್ದು ಹೇಗೆ

ಅಂಗನವಾಡಿ ಇರುವಾಗ ಇದು ಯಾಕೆ ಬೇಕಾಯ್ತು ಅಂತ ತುಂಬಾ ಜನ ಕೇಳುತ್ತಾರೆ. ಕರ್ನಾಟಕದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ. ಆದರೆ ಅಲ್ಲಿ ದಿನಾ ಹೋಗಿ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಮನೆಗೇ ಕೊಡುತ್ತಾರೆ. ಅಂದರೆ ಮಗು ಹುಟ್ಟಿದ ಮೇಲೆ ಮೊದಲ ಮೂರು ವರ್ಷ, ತಾಯಿಗೆ ಕೈ ಬಿಡುವೇ ಇಲ್ಲದ ಆ ಮೂರು ವರ್ಷ, ಮಗುವನ್ನು ಬಿಟ್ಟು ಹೋಗೋಕೆ ಒಂದು ಜಾಗ ಇರಲಿಲ್ಲ.

ನರೇಗಾ ಕೆಲಸದಲ್ಲಿ ಇದು ಕಣ್ಣಿಗೆ ರಾಚುವ ಹಾಗೆ ಕಾಣುತ್ತಿತ್ತು. ಕೆರೆ ಹೂಳು ತೆಗೆಯುವ ಕೆಲಸ ಅಂದುಕೊಳ್ಳಿ. ಬೆಳಿಗ್ಗೆ ಒಂದು ಫೋಟೊ, ಮಧ್ಯಾಹ್ನದ ಮೇಲೆ ಇನ್ನೊಂದು ಫೋಟೊ. 2023ರ ಜನವರಿಯಿಂದ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ಹೀಗೆ ಎರಡು ಸಲ ಹಾಜರಿ ಹಾಕುವುದು ಕಡ್ಡಾಯ ಆಯಿತು. ಫೋಟೊದಲ್ಲಿ ಮುಖ ಇಲ್ಲದಿದ್ದರೆ ಕೂಲಿ ಇಲ್ಲ. ಮಗು ಮಾತ್ರ ಜಾಲಿ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಅದನ್ನು ತೂಗೋಕೆ ಅಂತ ಶಾಲೆ ಬಿಡಿಸಿ ಕರೆತಂದ ಏಳೆಂಟು ವರ್ಷದ ಅಕ್ಕ. ಹಳೇ ಕಾಯ್ದೆಯಲ್ಲಿ ಇದಕ್ಕೆ ಒಂದು ಸಾಲು ಇತ್ತು. ಕೆಲಸದ ಜಾಗದಲ್ಲಿ ಐದು ವರ್ಷದೊಳಗಿನ ಮಕ್ಕಳು ಐದು ಅಥವಾ ಜಾಸ್ತಿ ಇದ್ದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳೋಕೆ ಅಂತಲೇ ಬಿಡಬೇಕು. ಬಹಳ ಕಡೆ ಅದು ಕಾಗದದಲ್ಲೇ ಉಳಿಯಿತು.

2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಆ ಸಾಲನ್ನು ಹಿಗ್ಗಿಸಿತು. 4,000 ಗ್ರಾಮ ಪಂಚಾಯಿತಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ. ಕಟ್ಟಡ ಪಂಚಾಯಿತಿಯದ್ದು. ನೋಡಿಕೊಳ್ಳುವವರು ಅದೇ ಊರಿನ, ಜಾಬ್ ಕಾರ್ಡ್ ಇರುವ ಹೆಂಗಸರು. ಅವರಿಗೆ ತರಬೇತಿ, ಜೊತೆಗೆ ನರೇಗಾ ಕೂಲಿ. ಒಂದು ಮನೆಗೆ ವರ್ಷಕ್ಕೆ 100 ದಿನದ ಮಿತಿ ಇದ್ದದ್ದರಿಂದ, ಒಬ್ಬರ ದಿನ ಮುಗಿದರೆ ಮುಂದಿನವರ ಪಾಳಿ.

ಬುದ್ಧಿವಂತ ಏರ್ಪಾಡು, ಅಲ್ವಾ? ರಾಜ್ಯದ ಬೊಕ್ಕಸಕ್ಕೆ ಹೆಚ್ಚು ಭಾರ ಇಲ್ಲ, ಯಾಕಂದರೆ ನರೇಗಾದಲ್ಲಿ ಅಕುಶಲ ಕೂಲಿಯ ಹಣ ಪೂರ್ತಿ ಕೇಂದ್ರದ್ದು. ತೊಂದರೆ ಇದ್ದದ್ದೂ ಅಲ್ಲೇ. ಮಗುವಿಗೆ ಮುಖ ಗುರುತಾಗಿ, ಅತ್ತಾಗ ಅವಳ ಹೆಗಲೇ ಬೇಕು ಅನ್ನುವಷ್ಟು ಹೊಂದಿಕೊಂಡ ಹೊತ್ತಿಗೆ ಅವಳ 100 ದಿನ ಮುಗಿದಿರುತ್ತದೆ.

ಹೊಸ ಕಾಯ್ದೆ ಎಲ್ಲಿ ತಾಗುತ್ತದೆ

ಮೂರು ಕಡೆ.

ಮೊದಲನೆಯದು ಹಣದ ಪಾಲು. ಇನ್ನು ಮುಂದೆ ಕೂಲಿಯಲ್ಲೂ ಕೇಂದ್ರ 60, ರಾಜ್ಯ 40. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅದೇ ದರ ಹಿಡಿದರೆ ಒಬ್ಬ ಕೇರ್‌ಟೇಕರ್‌ಗೆ ರಾಜ್ಯ ಹಾಕಬೇಕಾದದ್ದು ದಿನಕ್ಕೆ 148 ರೂಪಾಯಿ. ಮೊದಲು ಇದು ಸೊನ್ನೆ ಇತ್ತು.

ಎರಡನೆಯದು ಹಣದ ಮಿತಿ. ಹಳೇ ಕಾಯ್ದೆಯಲ್ಲಿ ಕೇಳಿದವರಿಗೆ ಕೆಲಸ, ಆದಷ್ಟು ಖರ್ಚು ಅನ್ನುವ ಲೆಕ್ಕ ಇತ್ತು, ಕಾಗದದ ಮೇಲಾದರೂ. ಹೊಸದರಲ್ಲಿ ಪ್ರತಿ ರಾಜ್ಯಕ್ಕೂ ವರ್ಷಕ್ಕೆ ಇಷ್ಟು ಅಂತ ಕೇಂದ್ರ ಮೊದಲೇ ಗೊತ್ತು ಮಾಡುತ್ತದೆ. ಅದರ ಮೇಲೆ ಹೋದರೆ ರಾಜ್ಯದ್ದೇ ಜೇಬು. ಮಿತಿ ಇದ್ದಾಗ ಪಂಚಾಯಿತಿ ಮೊದಲು ಯಾವುದನ್ನು ಉಳಿಸಿಕೊಳ್ಳುತ್ತದೆ? ರಸ್ತೆ, ಚೆಕ್ ಡ್ಯಾಂ, ಚರಂಡಿ. ಇವು ಕಣ್ಣಿಗೆ ಕಾಣುತ್ತವೆ, ಫೋಟೊ ತೆಗೆಯಬಹುದು, ಬೋರ್ಡ್ ಹಾಕಬಹುದು. ಮಧ್ಯಾಹ್ನ ಎರಡು ಗಂಟೆಗೆ ಎಂಟು ಮಕ್ಕಳು ಚಾಪೆ ಮೇಲೆ ನೆಮ್ಮದಿಯಾಗಿ ಮಲಗಿದ್ದಾರೆ ಅನ್ನೋದಕ್ಕೆ ಯಾರೂ ಬೋರ್ಡ್ ಹಾಕಿಸಲ್ಲ.

ಮೂರನೆಯದು ಕೆಲಸ ನಿಲ್ಲುವ ದಿನಗಳು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಯೋಜನೆಯ ಕೆಲಸ ನಿಲ್ಲಬೇಕು ಅಂತ ಹೊಸ ಕಾಯ್ದೆ ಹೇಳುತ್ತದೆ. ರೈತರಿಗೆ ಆಳು ಸಿಗಲಿ ಅನ್ನೋದು ಕಾರಣ. ಈ ಕಾರಣವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ, ಹತ್ತಿ ಬಿಡಿಸುವ ಹೊತ್ತಿಗೆ ಆಳಿಲ್ಲದೆ ಒದ್ದಾಡಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಕೂಸಿನ ಮನೆಯ ಕಣ್ಣಿಂದ ನೋಡಿ. ಆ 60 ದಿನ ಊರಿನ ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ. ಕಳೆ ತೆಗೆಯೋದು, ನಾಟಿ ಹಾಕೋದು, ಹತ್ತಿ ಬಿಡಿಸೋದು ಎಲ್ಲ ಹೆಂಗಸರ ಕೆಲಸವೇ. ಮಗುವನ್ನು ಬಿಡೋಕೆ ಜಾಗ ಅತಿ ಹೆಚ್ಚು ಬೇಕಾಗುವುದು ಆವಾಗಲೇ. ಕೇರ್‌ಟೇಕರ್ ಕೂಲಿ ಇದೇ ಯೋಜನೆಯ ಕೆಲಸದ ಪಟ್ಟಿಯಲ್ಲಿ ಉಳಿದರೆ, ಸರಿಯಾಗಿ ಅದೇ ದಿನಗಳಲ್ಲಿ ಅವಳಿಗೆ ಕೂಲಿ ಇರುವುದಿಲ್ಲ. ಬೀಗ ಬೀಳುತ್ತದೆ.

ಎಲ್ಲರೂ ಬರುವುದು ಮಗು ನೋಡೋಕೆ

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಕೂಸಿನ ಮನೆ ಮಗುವಿಗೆ ಇರೋದಲ್ವಾ, ತಾಯಿಯ ಮನಸ್ಸಿಗೂ ಅದಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು.

ನಮ್ಮಲ್ಲಿ ಬಾಣಂತನ ಅನ್ನೋದೇ ಒಂದು ದೊಡ್ಡ ಆಸರೆ. ತವರುಮನೆ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಅಂಟಿನುಂಡೆ, ಮೆಣಸಿನ ಸಾರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಪಥ್ಯದ ಹೆಸರಲ್ಲಿ ಒಂದಿಷ್ಟು ಕಾಟವೂ ಇರುತ್ತೆ, ಅದು ಬೇರೆ ಮಾತು. ಮುಖ್ಯ ಏನು ಅಂದರೆ ಸುತ್ತ ಜನ ಇರುತ್ತಾರೆ. ಇದು ಮೂರು ತಿಂಗಳು, ಹೆಚ್ಚಂದರೆ ಐದು ತಿಂಗಳು. ತೊಟ್ಟಿಲು ಶಾಸ್ತ್ರ ಮುಗಿದು, ಮಗು ಕರೆದುಕೊಂಡು ಗಂಡನ ಮನೆಗೆ ಬಂದ ಮೇಲೆ ಚಿತ್ರ ಬದಲಾಗುತ್ತದೆ. ಗಂಡ ದುಡಿಯೋಕೆ ಹೋಗುತ್ತಾನೆ, ಎಷ್ಟೋ ಸಲ ಬೇರೆ ಊರಿಗೆ. ಅತ್ತೆ ಹೊಲಕ್ಕೆ. ಉಳಿಯೋದು ಇವಳು ಮತ್ತು ಮಗು. ತಾಯಿ ತೀರಿಹೋಗಿದ್ದರೆ, ಅಥವಾ ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿದ್ದರೆ, ಆ ಮೂರು ತಿಂಗಳೂ ಸಿಗುವುದಿಲ್ಲ.

ಕನ್ನಡದಲ್ಲಿ ಬಾಣಂತಿ ಸನ್ನಿ ಅಂತ ಒಂದು ಮಾತಿದೆ. ಹೆರಿಗೆಯಾದ ಮೇಲೆ ಏನೇನೋ ಮಾತಾಡೋದು, ನಿದ್ದೆ ಇಲ್ಲದೆ ಒದ್ದಾಡೋದು, ಮಗು ನನ್ನದಲ್ಲ ಅನ್ನೋದು. ಇದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಹೆಸರೂ ಇಟ್ಟಿದ್ದರು. ಇದು ಅಪರೂಪ. ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕಾಣುವುದು ಸದ್ದಿಲ್ಲದ ಇನ್ನೊಂದು ಸ್ಥಿತಿ. ಅಡುಗೆ ಮಾಡುತ್ತಾಳೆ, ಹಾಲು ಕುಡಿಸುತ್ತಾಳೆ, ಎಲ್ಲ ಮಾಡುತ್ತಾಳೆ, ಆದರೆ ಯಾವುದರಲ್ಲೂ ಮನಸ್ಸಿಲ್ಲ. ಸುಮ್ನೆ ಅಳು ಬರುತ್ತೆ. ಇದಕ್ಕೆ ನಮ್ಮಲ್ಲಿ ಸರಿಯಾದ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ 'ಸೋಮಾರಿ', 'ತವರಿನ ಗುಂಗು' ಅಂತ ಬೇರೆ ಹೆಸರು ಬೀಳುತ್ತದೆ. ಭಾರತದ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವರದಿ, ಹೆರಿಗೆಯ ನಂತರದ ಖಿನ್ನತೆ ಶೇ 22ರಷ್ಟು ತಾಯಂದಿರಲ್ಲಿ ಇದೆ ಅನ್ನುತ್ತದೆ. ಐವರಲ್ಲಿ ಒಬ್ಬರಿಗಿಂತ ಜಾಸ್ತಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. ದೇಶಕ್ಕೇ ದಾರಿ ತೋರಿಸಿದ ಕೆಲಸ. ಆದರೆ ಅದು ಕಾಯಿಲೆ ಜೋರಾದವರಿಗೆ. ಊರಿನಲ್ಲಿರುವ ಆ ಶೇ 22ರ ಬಾಗಿಲು ತಟ್ಟುವವರು ಯಾರು?

ಆಶಾ ಕಾರ್ಯಕರ್ತೆ ತಟ್ಟುತ್ತಾಳೆ. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಭೇಟಿ. ಆರೂ ಮುಗಿಸಿದರೆ ಅವಳಿಗೆ 250 ರೂಪಾಯಿ. ಆಮೇಲೆ ಮೂರು ತಿಂಗಳಿಗೊಮ್ಮೆ, ಮಗುವಿಗೆ 15 ತಿಂಗಳಾಗುವವರೆಗೆ ಐದು ಭೇಟಿ. ಅವಳ ಕೈಯಲ್ಲಿರುವ ಭೇಟಿ ನಮೂನೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಗೊತ್ತಾಗುತ್ತದೆ. ಮಗುವಿನ ತೂಕ, ಮೈ ಬಿಸಿ, ಕಣ್ಣು, ಹೊಕ್ಕುಳು, ಹಾಲು ಕುಡಿಯುವ ರೀತಿ. ತಾಯಿಗೂ ಒಂದಿಷ್ಟು ಪ್ರಶ್ನೆ ಇವೆ. ದಿನಕ್ಕೆ ಎಷ್ಟು ಸಲ ಹೊಟ್ಟೆ ತುಂಬ ಊಟ? ಎಷ್ಟು ಪ್ಯಾಡ್ ಬದಲಾಯಿಸಿದಿರಿ? ಜ್ವರ ಇದೆಯಾ? ಏನೇನೋ ಮಾತಾಡುತ್ತಾಳಾ, ಫಿಟ್ಸ್ ಬರುತ್ತಾ? ಅಂದರೆ ಸನ್ನಿಯ ಬಗ್ಗೆ ಪ್ರಶ್ನೆ ಇದೆ. ಬೇಜಾರಾಗಿದ್ದೀಯಾ, ನಿನ್ನ ಜೊತೆ ಮಾತಾಡೋಕೆ ಯಾರಿದ್ದಾರೆ ಅನ್ನುವ ಪ್ರಶ್ನೆ ಇಲ್ಲ. ಒಳ್ಳೆ ಆಶಾ ಅದನ್ನೂ ಕೇಳುತ್ತಾಳೆ. ಕೇಳಿದ್ದಕ್ಕೆ ಖಾನೆಯೂ ಇಲ್ಲ, ಕಾಸೂ ಇಲ್ಲ.

ನಮ್ಮ ವ್ಯವಸ್ಥೆಯಲ್ಲಿ ತಾಯಿಗೆ ಸಿಗುವ ಆಸರೆಯೆಲ್ಲ ಬೇರೆ ಯಾವುದೋ ಲೆಕ್ಕದ ಬೆನ್ನ ಮೇಲೆ ಕೂತು ಬರುತ್ತದೆ. ಮಗುವಿನ ತೂಕದ ಲೆಕ್ಕ, ಲಸಿಕೆಯ ಲೆಕ್ಕ, ಕೆರೆ ಹೂಳಿನ ಲೆಕ್ಕ. ಆ ಲೆಕ್ಕ ಬದಲಾದ ದಿನ ಆಸರೆಯೂ ಜಾರುತ್ತದೆ. ಕೂಸಿನ ಮನೆಗೆ ಈಗ ಆಗಿರುವುದು ಅದೇ.

ದುಡ್ಡು ಕೊಡ್ತಾರಲ್ಲ, ಫೋನ್ ನಂಬರ್ ಇದೆಯಲ್ಲ

ಈ ವಾದ ಜೋರಾಗಿಯೇ ಇದೆ. ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000 ಬರುತ್ತದೆ, ಶಕ್ತಿ ಯೋಜನೆಯಲ್ಲಿ ಬಸ್ಸು ಬಿಟ್ಟಿ, ಮನಸ್ಸಿಗೆ ಬೇಜಾರಾದರೆ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೇನು ಬೇಕು?

ಒಂದೊಂದಾಗಿ ನೋಡೋಣ. ಗೃಹಲಕ್ಷ್ಮಿ ಹಣ ಹೋಗುವುದು ರೇಷನ್ ಕಾರ್ಡ್‌ನಲ್ಲಿ ಯಜಮಾನಿ ಅಂತ ಇರುವವರಿಗೆ. ಕೂಡು ಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆ. ಅತ್ತೆಗೆ ಸಿಕ್ಕಿದ್ದು ತಪ್ಪಲ್ಲ. ಆದರೆ ಹಸುಗೂಸಿನ ತಾಯಿಗೆ ಸಿಕ್ಕಿತು ಅಂತ ಲೆಕ್ಕ ಹಿಡಿಯೋಕೆ ಆಗಲ್ಲ. ಶಕ್ತಿ ಬಸ್ಸು ನಿಜಕ್ಕೂ ಒಳ್ಳೇದು ಮಾಡಿದೆ, ತವರಿಗೆ ಹೋಗಿಬರೋಕೆ ಗಂಡನ ಹತ್ತಿರ ಬಸ್ ಚಾರ್ಜ್ ಕೇಳುವ ಕಷ್ಟ ತಪ್ಪಿದೆ. ಒಬ್ಬಂಟಿತನ ಕಡಿಮೆ ಮಾಡಿದ ಯೋಜನೆ ಯಾವುದು ಅಂತ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ, ಅದರ ಉದ್ದೇಶ ಅದಲ್ಲದಿದ್ದರೂ.

14416, ಅಂದರೆ ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಯಿತು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಬಿಟ್ಟಿ ಕರೆ, ಹಗಲೂ ರಾತ್ರಿ. ಪರೀಕ್ಷೆ ಹೆದರಿಕೆಯ ಹುಡುಗನಿಗೆ, ಕೆಲಸ ಹೋದ ಗಂಡಸಿಗೆ ಇದು ಸಲೀಸು. ಒಂದೇ ಕೋಣೆಯ ಮನೆಯಲ್ಲಿ, ಗಂಡನ ಫೋನಿನಿಂದ, ಅತ್ತೆ ಎದುರಿಗೆ ಕೂತಿರುವಾಗ 'ನನಗೆ ಈ ಮನೆಯಲ್ಲಿ ಉಸಿರು ಕಟ್ಟುತ್ತಿದೆ' ಅಂತ ಹೇಳೋದು ಹೇಗೆ? ಫೋನ್ ಮಾಡೋಕೂ ಮನೆಯಿಂದ ಆಚೆ ಒಂದು ಜಾಗ, ಒಂದು ಗಂಟೆ ಬಿಡುವು ಬೇಕು. ಮಗುವನ್ನು ಯಾರಾದರೂ ಹಿಡಿದುಕೊಂಡಿರಬೇಕು. ಸಹಾಯವಾಣಿ ಇದೆ ಅಂತ ಕೂಸಿನ ಮನೆ ಬೇಡ ಅನ್ನುವವರು ಈ ಸರಣಿಯನ್ನು ನೋಡುತ್ತಿಲ್ಲ.

ಹೆಂಗಸರು ಕೂತು ಮಾತಾಡಿದರೆ ಏನಾಗುತ್ತದೆ

ಇದನ್ನು ಅಳೆದು ನೋಡಿದವರಿದ್ದಾರೆ. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಏಕಜುಟ್ ಅನ್ನುವ ಸಂಸ್ಥೆ 2005ರಿಂದ 2008ರವರೆಗೆ ಒಂದು ಪ್ರಯೋಗ ಮಾಡಿತು. ಡಾಕ್ಟರ್ ಇಲ್ಲ, ಮಾತ್ರೆ ಇಲ್ಲ. ಊರಿನದೇ ಒಬ್ಬ ಹೆಂಗಸು ತಿಂಗಳಿಗೊಮ್ಮೆ ಎಲ್ಲರನ್ನೂ ಸೇರಿಸುತ್ತಾಳೆ. ಚಿತ್ರದ ಕಾರ್ಡು, ಕತೆ ಇಟ್ಟುಕೊಂಡು ಬಸಿರು, ಬಾಣಂತನದ ಕಷ್ಟ ಮಾತಾಡುತ್ತಾರೆ, ಏನು ಮಾಡಬಹುದು ಅಂತ ತಾವೇ ತೀರ್ಮಾನ ಮಾಡುತ್ತಾರೆ. ಕೊನೆಯ ಎರಡು ವರ್ಷದಲ್ಲಿ ಹುಟ್ಟಿದ ತಿಂಗಳೊಳಗೆ ಸಾಯುವ ಮಕ್ಕಳ ಪ್ರಮಾಣ ಬೇರೆ ಹಳ್ಳಿಗಳಿಗಿಂತ ಶೇ 45ರಷ್ಟು ಕಡಿಮೆ ಇತ್ತು. ತಾಯಂದಿರ ಖಿನ್ನತೆ ಮೂರೂ ವರ್ಷ ಸೇರಿಸಿ ನೋಡಿದರೆ ಅಷ್ಟೇನೂ ಬದಲಾಗಲಿಲ್ಲ. ಮೂರನೇ ವರ್ಷವನ್ನು ಮಾತ್ರ ನೋಡಿದರೆ ಮಧ್ಯಮ ಪ್ರಮಾಣದ ಖಿನ್ನತೆ ಶೇ 57ರಷ್ಟು ಕಡಿಮೆ. ಅಂದರೆ ಜೊತೆ ಕೂರುವ ಅಭ್ಯಾಸ ಬೇರೂರೋಕೆ ಎರಡು ವರ್ಷ ಬೇಕಾಯ್ತು. ಪಕ್ಕದ ಗೋವಾದಲ್ಲೂ ನೆರೆಹೊರೆಯ ಹೆಂಗಸರಿಗೇ ತರಬೇತಿ ಕೊಟ್ಟು, ಖಿನ್ನತೆ ಇರುವ ಬಸುರಿ, ಬಾಣಂತಿಯರ ಮನೆಗೆ ಕಳಿಸಿ ನೋಡಿದ್ದಾರೆ. ಸಿಕ್ಕ ಲಾಭ ಸಣ್ಣದು, ಆದರೆ ಸಿಕ್ಕಿತು.

ನಮ್ಮಲ್ಲಿ ಸಂಘಗಳಿಗೇನು ಬರ. ಸ್ತ್ರೀಶಕ್ತಿ, ಸಂಜೀವಿನಿ, ಊರಿಗೆ ನಾಲ್ಕಾರು. ಆದರೆ ವಾರದ ಸಭೆಯಲ್ಲಿ ಮಾತು ಕಂತಿನದು. ಕಂತು ಕಟ್ಟಿ ಸಹಿ ಹಾಕಿ ಎದ್ದು ಹೋಗೋದು. ಎಳೆ ಮಗು ಇರುವವಳು ಅಲ್ಲಿಗೂ ಬರುವುದಿಲ್ಲ, ಅವಳ ಕಂತನ್ನು ಅತ್ತೆಯೋ ಪಕ್ಕದವರೋ ತಂದು ಕಟ್ಟುತ್ತಾರೆ. ಅವಳು ದಿನಾ ಬರುವ ಜಾಗ ಅಂದರೆ ಕೂಸಿನ ಮನೆಯೊಂದೇ. ಮಧ್ಯಾಹ್ನ ಹಾಲು ಕುಡಿಸೋಕೆ ಬಂದ ನಾಲ್ಕು ಜನ ಗೋಡೆಗೆ ಒರಗಿ ಕೂತು ಮಾತಿಗಿಳಿಯುವುದು ಯಾವ ಮಾರ್ಗಸೂಚಿಯಲ್ಲೂ ಇಲ್ಲ. ಬಾಗಿಲು ಮುಚ್ಚಿದರೆ ಹೋಗುವುದು ಅದು ಕೂಡ.

ಮಗು ದೊಡ್ಡದಾದರೂ ಕೆಲಸ ಮುಗಿಯದ ಮನೆಗಳು

ಇನ್ನೊಂದು ಗುಂಪಿದೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ 14 ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಿ, ಲಕ್ವ ಹೊಡೆದ ಮಾವನನ್ನು ನೋಡಿಕೊಳ್ಳುವ ಸೊಸೆ. ಇವರಿಗೆ ತವರಿಗೆ ಒಂದು ದಿನ ಹೋಗಿಬರೋಕೂ ಆಗಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆ ಮಾಡುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇ 21.4, ಸುಮಾರು 74 ನಿಮಿಷ. ಇದು ಸರಾಸರಿ. ಮಲಗಿದಲ್ಲೇ ಇರುವವರ ಮನೆಯಲ್ಲಿ ನಿಮಿಷದ ಲೆಕ್ಕ ಯಾರೂ ಇಡುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. ಕೇರಳದಲ್ಲಿ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆ ಇದೆ. ಕರ್ನಾಟಕ 2024-25ರ ಬಜೆಟ್‌ನಲ್ಲಿ ತಿಂಗಳಿಗೆ 1,000 ಘೋಷಿಸಿತು, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಒಳ್ಳೆ ಹೆಜ್ಜೆ, ಯಾಕಂದರೆ ಇಲ್ಲಿ ಹಣ ನೋಡಿಕೊಳ್ಳುವವರ ಹೆಸರಲ್ಲೇ ಬರುತ್ತದೆ. ಆದರೆ ಆ ನಾಲ್ಕು ಹೆಸರಿನಲ್ಲಿ ಆಟಿಸಂ ಇಲ್ಲ, ಬುದ್ಧಿಮಾಂದ್ಯತೆ ಇಲ್ಲ. ಮತ್ತೆ, ಸಾವಿರ ರೂಪಾಯಿ ಅವಳಿಗೆ ಬಿಡುವು ಕೊಡುವುದಿಲ್ಲ. ಅರ್ಧ ದಿನ ಬಂದು ಕೂರುವ ಇನ್ನೊಬ್ಬ ಮನುಷ್ಯರು ಬೇಕು.

ಯಾರು ಏನು ಹೇಳುತ್ತಿದ್ದಾರೆ, ಮುಂದೇನು

ಕೇಂದ್ರದ ಮಾತು: ದಿನ ಜಾಸ್ತಿ ಆಗಿದೆ, ರಾಜ್ಯವೂ ಹಣ ಹಾಕಿದರೆ ಸೋರಿಕೆ ಕಡಿಮೆಯಾಗುತ್ತದೆ. ರಾಜ್ಯದ ಮಾತು: ಹಕ್ಕು ಕಿತ್ತುಕೊಂಡು ಬಿಲ್ಲು ನಮ್ಮ ಮೇಲೆ ಹಾಕಿದ್ದೀರಿ. ಎರಡರಲ್ಲೂ ಹುರುಳಿದೆ. 125 ದಿನ ಆದರೆ ಒಬ್ಬ ಕೇರ್‌ಟೇಕರ್ ಇನ್ನೂ 25 ದಿನ ಅದೇ ಮಕ್ಕಳ ಜೊತೆ ಇರಬಹುದು, ಅದು ಲಾಭವೇ. ಹಣ ಬಂದರೆ.

ಕೂಸಿನ ಮನೆಯನ್ನು ಅಂಗನವಾಡಿ ಜೊತೆ ಸೇರಿಸಿ ಅನ್ನುವವರೂ ಇದ್ದಾರೆ. ಕೇಂದ್ರದ ಪಾಲ್ನಾ ಯೋಜನೆಯಲ್ಲಿ ಅಂಗನವಾಡಿ-ಕಮ್-ಕ್ರೆಶ್, ಅಂದರೆ ಅಂಗನವಾಡಿಯಲ್ಲೇ ಹಸುಗೂಸು ನೋಡಿಕೊಳ್ಳುವ ಕೇಂದ್ರ ಇದೆ, ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ. ಅದರಲ್ಲಿ ಬಿತ್ತನೆ ರಜೆ ಇಲ್ಲ, ಪಾಳಿ ಬದಲಾವಣೆಯೂ ಇಲ್ಲ. ಮಗುವಿನ ಕಣ್ಣಿಂದ ಇದೇ ಮೇಲು. ಆದರೆ ಪೋಷಣ್ ಆ್ಯಪ್, ಸರ್ವೆ, ಚುನಾವಣೆ ಕೆಲಸದಲ್ಲಿ ಮುಳುಗಿರುವ ಅಂಗನವಾಡಿ ಕಾರ್ಯಕರ್ತೆಯ ಮೇಲೆ, ಬೇರೆ ಸಿಬ್ಬಂದಿ ಕೊಡದೆ ಹಸುಗೂಸುಗಳನ್ನೂ ಹೊರಿಸಿದರೆ ಎರಡೂ ಕೆಡುತ್ತದೆ.

ರಾಜ್ಯವೇ ಪೂರ್ತಿ ಹೊತ್ತುಕೊಂಡರೆ? ಸುಮ್ನೆ ಒಂದು ಲೆಕ್ಕ ಹಾಕಿ. 4,000 ಕೇಂದ್ರ, ಒಂದೊಂದರಲ್ಲಿ ಇಬ್ಬರು, ದಿನಕ್ಕೆ 370, ವರ್ಷಕ್ಕೆ 300 ದಿನ. ಸುಮಾರು 89 ಕೋಟಿ. ಬರೀ ಶೇ 40ರ ಪಾಲಾದರೆ ಸುಮಾರು 35 ಕೋಟಿ. 2024-25ರ ಬಜೆಟ್‌ನಲ್ಲಿ ಗೃಹಲಕ್ಷ್ಮಿಗೆ ಇಟ್ಟಿದ್ದು 28 ಸಾವಿರ ಕೋಟಿಗೂ ಜಾಸ್ತಿ. ಇಲ್ಲಿ ಕೊರತೆ ಇರುವುದು ಹಣಕ್ಕಲ್ಲ, ಒಂದು ಲೆಕ್ಕ ಶೀರ್ಷಿಕೆಗೆ, ಅಂದರೆ ಬಜೆಟ್‌ನಲ್ಲಿ ಅದಕ್ಕೇ ಅಂತ ಇಡುವ ಒಂದು ಸಾಲಿಗೆ.

ಹಾಗಾಗಿ ಹೊಸ ಕಾಯ್ದೆಗೆ ತಕ್ಕಂತೆ ರಾಜ್ಯ ಹೊರಡಿಸುವ ಯೋಜನೆಯಲ್ಲಿ ನೋಡಬೇಕಾದ ಜಾಗ ಎರಡು. ಕೇರ್‌ಟೇಕರ್ ಕೂಲಿ ಚೆಕ್ ಡ್ಯಾಂ, ಬದುಗಳ ಜೊತೆ ಕೆಲಸದ ಪಟ್ಟಿಯಲ್ಲಿದೆಯಾ, ಅಥವಾ ಅದಕ್ಕೇ ಅಂತ ಬೇರೆ ಶೀರ್ಷಿಕೆ ಇದೆಯಾ ಅನ್ನೋದು ಒಂದು. ಆ 60 ದಿನ ನಿಮ್ಮ ತಾಲ್ಲೂಕಿನಲ್ಲಿ ಯಾವ ತಿಂಗಳಿಗೆ ಬೀಳುತ್ತದೆ ಅನ್ನೋದು ಇನ್ನೊಂದು. ಹತ್ತಿ ಬಿಡಿಸುವ ತಿಂಗಳಿಗೆ ಬಿದ್ದು, ಕೂಲಿಯೂ ಅದೇ ಪಟ್ಟಿಯಲ್ಲಿದ್ದರೆ, ಜೋಲಿ ಮತ್ತೆ ಜಾಲಿ ಮರಕ್ಕೆ ಹೋಗುತ್ತದೆ, ತೂಗೋಕೆ ಅಕ್ಕ ಶಾಲೆ ಬಿಟ್ಟು ಬರುತ್ತಾಳೆ.